.22 ರೈಫಲ್‌ಗೆ ಕಡಿಮೆ ಬೆಲೆಯ ರೆಡ್ ಡಾಟ್: ಗುಂಪು ಅಲೆಯುತ್ತಿದೆ, ಚುಕ್ಕೆಗೆ ಬಾಲ ಬಂದಿದೆ, ಬೇರೆ ಯಾವುದು ತಗೊಳ್ಳಲಿ?

ಪ್ರಶ್ನೆ

ನಮಸ್ಕಾರ ಎಲ್ಲರಿಗೂ. ನನ್ನದು .22 ಎಲ್‌ಆರ್ ಬೋಲ್ಟ್ ಆ್ಯಕ್ಷನ್ ರೈಫಲ್. ಕಾಗದದ ಗುರಿಗೆ ಮಾತ್ರ ಹೊಡೆಯುತ್ತೇನೆ, 25 ಮೀಟರ್ ಮತ್ತು 50 ಮೀಟರ್. ಈಗೀಗ ಹಿಂದಿನ ಸೈಟು, ಮುಂದಿನ ಸೈಟು, ಗುರಿ ಮೂರನ್ನೂ ಒಟ್ಟಿಗೆ ನೋಡೋಕೆ ಕಣ್ಣು ಒಪ್ಪುತ್ತಿಲ್ಲ. ಅದಕ್ಕೇ ಒಂದು ಅಗ್ಗದ ರೆಡ್ ಡಾಟ್ ತಗೊಂಡೆ, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್. ತೆರೆದ ಥರದ್ದು, ಒಂದೇ ಗಾಜು. ಜೊತೆಗೆ ಬಂದ ಎತ್ತರದ ಮೌಂಟ್ ಹಾಕಿ, ರಿಸೀವರ್ (ಬೋಲ್ಟ್ ಇರುವ ಲೋಹದ ಭಾಗ) ಮೇಲಿನ ಗಾಡಿಗೆ, ಅಂದರೆ ಅಲ್ಲಿ ಕೊರೆದಿರುವ ತೋಡಿಗೆ, ಒಂದು ಅಡಾಪ್ಟರ್ ಸಿಕ್ಕಿಸಿ ಕೂರಿಸಿದ್ದೇನೆ.

ತೊಂದರೆ ಎರಡು. 50 ಮೀಟರ್‌ನಲ್ಲಿ ಐದು ಗುಂಡು ಒಂದು ನಾಣ್ಯದಷ್ಟು ಜಾಗದಲ್ಲಿ ಬೀಳುತ್ತವೆ. ಖುಷಿಯಾಗುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಐದು ಹೊಡೆದರೆ ಇಡೀ ಗುಂಪೇ ಒಂದು ಮುಷ್ಟಿಯಷ್ಟು ಎಡಕ್ಕೆ ಹೋಗಿರುತ್ತೆ. ಕ್ಲಿಕ್ ತಿರುಗಿಸಿ ಸರಿ ಮಾಡಿದರೆ ಇನ್ನೊಂದು ಸಲ ಬಲಕ್ಕೆ. ಎರಡನೆಯದು, ಚುಕ್ಕೆ ದುಂಡಗಿಲ್ಲ. ಅಲ್ಪವಿರಾಮದ ಥರ ಕೆಳಗೆ ಒಂದು ಬಾಲ. ಸೈಟ್ ಕೆಟ್ಟಿದೆ ಅಂತ ನನ್ನ ಅಂದಾಜು. ಜಾಸ್ತಿ ದುಡ್ಡು ಹಾಕೋಕೆ ಆಗಲ್ಲ. ಯಾವುದು ತಗೊಳ್ಳಲಿ ಹೇಳಿ.

ಉತ್ತರ

ಸರ್, ದಯವಿಟ್ಟು ಇನ್ನೂ ಏನೂ ತಗೋಬೇಡಿ. ನೀವು ಹೇಳಿದ ಎರಡೂ ತೊಂದರೆ ಹೊಸ ಸೈಟ್ ಜೊತೆಗೂ ಹಾಗೇ ಬರಬಹುದು, ಆಮೇಲೆ ಅದನ್ನೂ ಬೈದುಕೊಂಡು ಮೂರನೆಯದಕ್ಕೆ ಹೋಗುತ್ತೀರಿ.

ಗುಂಪು ಚಿಕ್ಕದಾಗಿದೆ, ಆದರೆ ಇಡೀ ಗುಂಪೇ ಜಾಗ ಬದಲಿಸುತ್ತಿದೆ ಅಂದಿರಲ್ಲ, ನನಗೆ ಮೊದಲು ಅನುಮಾನ ಬರೋದೇ ಅಲ್ಲಿ. .22ರ ಹಿನ್ನೂಕು ತೀರಾ ಕಡಿಮೆ. ಆ ಹೊಡೆತಕ್ಕೆ ಸೈಟ್‌ನ ಒಳಭಾಗ ಹಾಳಾಗೋದು ಅಪರೂಪ, ಅಗ್ಗದ್ದೂ ತಡೆದುಕೊಳ್ಳುತ್ತೆ. ಅಲುಗಾಡೋದು ಸಾಮಾನ್ಯವಾಗಿ ಸೈಟ್ ಕೆಳಗಿನ ಮೌಂಟ್. ಲೆಕ್ಕ ನೋಡಿ. ಮೌಂಟ್ ರೈಫಲ್ ಮೇಲೆ ಹಿಡಿದಿರೋ ಉದ್ದ 50 ಮಿಲಿಮೀಟರ್ ಅಂದುಕೊಳ್ಳಿ. ಅದರ ಒಂದು ತುದಿ ಬರೀ 0.1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಅಂದರೆ ಒಂದು ಕೂದಲೆಳೆಯಷ್ಟು, 50 ಮೀಟರ್‌ನಲ್ಲಿ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತೆ. ನಿಮ್ಮ ಮುಷ್ಟಿ ಹೆಚ್ಚುಕಡಿಮೆ ಅಷ್ಟೇ ಅಲ್ವಾ?

ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಬೋಲ್ಟ್ ಹೊರಗೆ ತೆಗೆದಿಟ್ಟು ಇಷ್ಟು ಮಾಡಿ. ಅಡಾಪ್ಟರ್ ಮತ್ತು ರಿಸೀವರ್ ಸೇರುವ ಜಾಗದಲ್ಲಿ ಉಗುರು ಬಣ್ಣದಿಂದ ಅಡ್ಡಕ್ಕೆ ಒಂದು ತೆಳು ಗೆರೆ ಎಳೆಯಿರಿ. ಸೈಟ್ ಮೌಂಟ್ ಮತ್ತು ಅಡಾಪ್ಟರ್ ಸೇರುವಲ್ಲಿ ಇನ್ನೊಂದು. ಪೂರ್ತಿ ಒಣಗಲಿ. ಆಮೇಲೆ ಒಂದೇ ಡಬ್ಬಿಯ 20 ಗುಂಡು ಹೊಡೆದು, ಬೆಳಕಿಗೆ ಹಿಡಿದು ನೋಡಿ. ಗೆರೆ ಬಿರುಕು ಬಿಟ್ಟಿದ್ದರೆ ಕಳ್ಳ ಸಿಕ್ಕ. ಒಂದೇ ಡಬ್ಬಿ ಅಂತ ಯಾಕೆ ಹೇಳಿದೆ ಅಂದರೆ, .22ರಲ್ಲಿ ಗುಂಡಿನ ಬ್ರ್ಯಾಂಡ್ ಬದಲಾದರೆ ಬೀಳುವ ಜಾಗವೂ ಬದಲಾಗುತ್ತೆ, ಆಗ ಯಾವುದರ ತಪ್ಪು ಅಂತ ಗೊತ್ತೇ ಆಗಲ್ಲ.

ಗೆರೆ ಬಿರುಕು ಬಿಡದಿದ್ದರೆ ರೆಡ್ ಡಾಟ್ ಬಿಚ್ಚಿಟ್ಟು, ಕಣ್ಣು ಚುರುಕಾಗಿರುವ ಯಾರಾದರೂ ಗೆಳೆಯರ ಕೈಲಿ ಐರನ್ ಸೈಟ್‌ನಲ್ಲಿ (ರೈಫಲ್‌ನದೇ ಹಿಂದಿನ, ಮುಂದಿನ ಸೈಟು) 10 ಹೊಡೆಸಿ. ಅವರ ಗುಂಪೂ ಅಲೆದರೆ ಸ್ಟಾಕ್ (ಹೆಗಲಿಗೆ ಊರುವ ಹಿಡಿ) ಮತ್ತು ಆ್ಯಕ್ಷನ್ (ಬೋಲ್ಟ್ ಇರುವ ಯಂತ್ರಭಾಗ) ಹಿಡಿದಿರುವ ಸ್ಕ್ರೂ ಸಡಿಲ ಇದೆಯಾ ನೋಡಬೇಕು.

ಇನ್ನೊಬ್ಬರು

ಬಾಲದ ವಿಷಯ ನಾನು ಹೇಳುತ್ತೇನೆ, ಇದನ್ನು ಸ್ವತಃ ಅನುಭವಿಸಿದ್ದೇನೆ. ಫೋನ್ ಕ್ಯಾಮೆರಾವನ್ನು ನಿಮ್ಮ ಕಣ್ಣಿರುವ ಜಾಗದಲ್ಲಿ ಹಿಡಿದು ಚುಕ್ಕೆಯ ಫೋಟೋ ತೆಗೆಯಿರಿ. ಫೋಟೋದಲ್ಲಿ ದುಂಡಗೆ ಬಂದರೆ ಸೈಟ್ ಸರಿಯಿದೆ, ಕಣ್ಣಿನದು ತೊಂದರೆ. ಇನ್ನೊಂದು ಪರೀಕ್ಷೆ: ಸೈಟ್ ಬಿಚ್ಚಿ ಕೈಯಲ್ಲಿ ಹಿಡಿದು, ಅದರೊಳಗೆ ನೋಡುತ್ತಲೇ ನಿಧಾನಕ್ಕೆ ಪಕ್ಕಕ್ಕೆ ವಾಲಿಸಿ. ಸೈಟ್ ತಿರುಗಿದರೂ ಬಾಲ ಕೆಳಗೇ ನಿಂತರೆ ಕಣ್ಣು. ಬಾಲವೂ ಜೊತೆಗೆ ತಿರುಗಿದರೆ ಸೈಟ್.

ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಅಂತ ಏನಾದರೂ ಬರೆದಿದೆಯಾ ನೋಡಿ. ಅದೇ ಅಸ್ಟಿಗ್ಮ್ಯಾಟಿಸಂ. ನನಗಿದೆ. ಮೂರು ಸೈಟ್ ಬದಲಿಸಿದ ಮೇಲೆ ನನಗೆ ಗೊತ್ತಾಗಿದ್ದು, ತುಂಬಾ ಬೇಜಾರಾಗಿತ್ತು. ಕನ್ನಡಕ ಹಾಕಿಕೊಂಡೇ ಹೊಡೆಯಿರಿ, ಮತ್ತೆ ಚುಕ್ಕೆಯ ಬೆಳಕನ್ನು ಕಡಿಮೆ ಮಾಡಿ. ಬಿಸಿಲಿನಲ್ಲಿ ಕಾಣಲಿ ಅಂತ ಎಲ್ಲರೂ ಪೂರ್ತಿ ಏರಿಸುತ್ತಾರೆ, ಚುಕ್ಕೆ ಚೆಲ್ಲಿಕೊಳ್ಳೋದೇ ಆಗ. ಗುರಿಯ ಮೇಲೆ ಚುಕ್ಕೆ ಇದೆ ಅಂತ ತಿಳಿಯುವಷ್ಟು ಬೆಳಕು ಸಾಕು. ಕೆಲವರಿಗೆ ಹಸಿರು ಚುಕ್ಕೆ ಚೆನ್ನಾಗಿ ಹೊಂದುತ್ತೆ. ಇಷ್ಟಾದರೂ ಆಗದಿದ್ದರೆ ಪ್ರಿಸಂ ಸೈಟ್ ನೋಡಿ. ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೆತ್ತಿರುತ್ತಾರೆ, ಕಣ್ಣಿಗೆ ಹೊಂದಿಸಿಕೊಳ್ಳೋಕೆ ಹಿಂದೆ ಒಂದು ತಿರುಗಣೆ ಇರುತ್ತೆ, ಬ್ಯಾಟರಿ ಸತ್ತರೂ ಗುರುತು ಕಾಣುತ್ತೆ. ತೂಕ ಜಾಸ್ತಿ, ಕಣ್ಣನ್ನು ಸರಿಯಾದ ದೂರದಲ್ಲೇ ಇಡಬೇಕು, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಫೋಟೋದಲ್ಲಿ ಚುಕ್ಕೆ ಅಚ್ಚುಕಟ್ಟಾಗಿ ದುಂಡಗಿದೆ! ಚೀಟಿ ಹುಡುಕಿದೆ, ಬಲಗಣ್ಣಿಗೆ ಸಿಲಿಂಡರ್ -1.25 ಇದೆ. ಇಷ್ಟು ದಿನ ಕನ್ನಡಕ ಇಲ್ಲದೆ ಹೊಡೆಯುತ್ತಿದ್ದೆ. ಹಾಕಿಕೊಂಡು, ಬೆಳಕು ಎರಡು ಹಂತ ಇಳಿಸಿದ ಮೇಲೆ ಬಾಲ ಹೆಚ್ಚುಕಡಿಮೆ ಹೋಯಿತು.

ಗೆರೆ: ಮೇಲಿನದು ಹಾಗೇ ಇದೆ. ಅಡಾಪ್ಟರ್ ಮತ್ತು ರಿಸೀವರ್ ನಡುವಿನದು 20 ಗುಂಡಿಗೇ ಒಡೆದಿದೆ. ಬಿಚ್ಚಿ ನೋಡಿದರೆ ಅಡಾಪ್ಟರ್‌ನ ಒಂದು ಬದಿಯ ಹಲ್ಲು ಗಾಡಿಯ ಅಂಚನ್ನು ಅರ್ಧ ಮಾತ್ರ ಹಿಡಿದಿದೆ. ಆ ಅಂಚಿನಲ್ಲಿ ಬಣ್ಣ ಹೋಗಿ ಹೊಳೆಯುವ ಒಂದು ಸಣ್ಣ ಗೀಟು ಬಿದ್ದಿದೆ. ಅಳೆದೆ, ರಿಸೀವರ್ ಮೇಲೆ 9.5 ಮಿಲಿಮೀಟರ್. ಅಡಾಪ್ಟರ್ ಡಬ್ಬಿಯ ಮೇಲೆ 11 ಅಂತ ಬರೆದಿದೆ.

ಉತ್ತರ

ಹಾಗಾದರೆ ಸಿಕ್ಕಿತು ಸರ್. .22 ರೈಫಲ್‌ಗಳಲ್ಲಿ ಇಂಚಿನ ಎಂಟರಲ್ಲಿ ಮೂರು ಭಾಗ (3/8), ಅಂದರೆ ನೀವು ಅಳೆದ 9.5, ಮತ್ತು 11 ಮಿಲಿಮೀಟರ್ ಎರಡೂ ಬಳಕೆಯಲ್ಲಿವೆ. ಮಾರುವವರು ಎರಡನ್ನೂ ಒಂದೇ ಅಂತ ಹೇಳಿಬಿಡುತ್ತಾರೆ. ಕೆಲವು ಅಡಾಪ್ಟರ್ ಎರಡಕ್ಕೂ ಹಿಡಿಯುತ್ತೆ, ನಿಮ್ಮದು ಹಿಡಿದಿಲ್ಲ. ಅದನ್ನು ಇನ್ನೂ ಬಿಗಿ ಮಾಡೋಕೆ ಹೋಗಬೇಡಿ, ಗಾಡಿಯ ಅಂಚು ಹಾಳಾಗುತ್ತೆ. 9.5ಕ್ಕೇ ಮಾಡಿದ ಉದ್ದನೆಯ ಅಡಾಪ್ಟರ್ ತಗೊಳ್ಳಿ, ಮೂರು ನಾಲ್ಕು ಸ್ಕ್ರೂ ಇರುವಂಥದ್ದು. ಗಾಡಿಯಲ್ಲಿರುವ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸಿ. ಸ್ಕ್ರೂಗಳನ್ನು ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ, ಎಳೆಗಳಿಗೆ ಒಂದು ತೊಟ್ಟು ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಹಾಕಿ. ಕೆಂಪಿನದು ಬೇಡ, ಬಿಚ್ಚೋಕೆ ಬಿಸಿ ಮಾಡಬೇಕಾಗುತ್ತೆ.

ಮೌಂಟ್ ಕೂರುವ ಅಡ್ಡ ಸೀಳಿನ ಪಟ್ಟಿಗಳಲ್ಲಿ ಪಿಕಾಟಿನ್ನಿ, ವೀವರ್ ಅಂತ ಎರಡು ಅಳತೆ ಇವೆ. ಅಡಾಪ್ಟರ್‌ನ ಮೇಲ್ಭಾಗ ಪಿಕಾಟಿನ್ನಿ ಇರಲಿ. ವೀವರ್‌ನ ಅಡ್ಡ ಸೀಳು 4.6 ಮಿಲಿಮೀಟರ್ ಅಷ್ಟೇ, ಪಿಕಾಟಿನ್ನಿಯದು 5.2. ಪಿಕಾಟಿನ್ನಿ ಮೌಂಟ್‌ನ ಅಡ್ಡ ಕಂಬಿ ವೀವರ್ ಸೀಳಿಗೆ ಇಳಿಯದೆ ಮೇಲೇ ಕೂತು, ಗಟ್ಟಿಯಾಗಿರುವ ಹಾಗೆ ಕಾಣುತ್ತೆ. ಬಿಗಿ ಮಾಡುವಾಗ ಕಂಬಿಯನ್ನು ಸೀಳಿನ ಮುಂದಿನ ಗೋಡೆಗೆ ಒತ್ತಿ ಹಿಡಿಯಿರಿ.

ಪ್ರಶ್ನೆ ಕೇಳಿದವರು

ಸರಿ, ಅಡಾಪ್ಟರ್ ತರಿಸುತ್ತೇನೆ. ಆದರೂ ಮನಸ್ಸು ಸೈಟ್ ಮೇಲೇ ಇದೆ. ಈಗಿರೋದು ಸಾಕಾ, ಬದಲಿಸಬೇಕಾ? ಹೊಡೆಯುವಾಗ ಕೆನ್ನೆ ಸ್ಟಾಕ್‌ಗೆ ತಾಗೋದೇ ಇಲ್ಲ, ಗದ್ದ ಊರಿಕೊಂಡು ನೋಡುತ್ತೇನೆ.

ಉತ್ತರ

ಗದ್ದ ಊರುತ್ತಿದ್ದೀರಿ ಅಂದರೆ ಮೊದಲು ಆ ಎತ್ತರದ ಮೌಂಟ್ ಹೋಗಬೇಕು. ಅದು ಎಆರ್-15 ಮಾದರಿಗೆ ಮಾಡಿದ್ದು, ಅದರ ಸ್ಟಾಕ್ ನೇರ ಹಿಂದಕ್ಕೆ ಇರುತ್ತೆ. ಐರನ್ ಸೈಟ್‌ಗೆ ಅಂತ ಮಾಡಿದ .22 ಸ್ಟಾಕ್ ಕೆಳಕ್ಕೆ ಇಳಿದಿರುತ್ತೆ. ತಲೆಗೆ ಆಸರೆ ಇಲ್ಲದಿದ್ದರೆ ಪ್ರತಿ ಸಲ ಕಣ್ಣು ಬೇರೆ ಜಾಗದಿಂದ ನೋಡುತ್ತೆ. ರೆಡ್ ಡಾಟ್‌ಗೆ ಪ್ಯಾರಲ್ಯಾಕ್ಸ್ (ಕಣ್ಣು ಸರಿದರೆ ಗುರಿಯ ಮೇಲೆ ಚುಕ್ಕೆಯೂ ಸರಿಯೋದು) ಇಲ್ಲ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ, ಸ್ವಲ್ಪ ಇದ್ದೇ ಇರುತ್ತೆ. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗಾಡದ ಹಾಗೆ ಇಟ್ಟು, ಮುಟ್ಟದೆ, ತಲೆಯನ್ನು ಮಾತ್ರ ಆಚೀಚೆ ಮಾಡಿ ನೋಡಿ. ಗುರಿಯ ಮೇಲೆ ಚುಕ್ಕೆ ಎಷ್ಟು ಓಡಾಡುತ್ತೋ ನಿಮ್ಮ ತಪ್ಪೂ ಅಷ್ಟಾಗಬಹುದು.

ಬದಲಿಸುವ ಮನಸ್ಸಿದ್ದರೆ ನಾನು ಮುಚ್ಚಿದ ಕೊಳವೆಯ ಥರದ್ದನ್ನೇ ಹೇಳುತ್ತೇನೆ. .22 ಗುಂಡು ಕೊಳಕು. ಮಸಿ ಇದೆ, ಗುಂಡಿಗೆ ಸವರಿದ ಮೇಣ ಇದೆ. ತೆರೆದ ಸೈಟ್‌ನಲ್ಲಿ ಪುಟ್ಟ ಎಲ್‌ಇಡಿ ಹಿಂದಿನಿಂದ ಗಾಜಿಗೆ ಬೆಳಕು ಹಾಯಿಸುತ್ತೆ, ಗಾಜಿನ ಲೇಪ ಆ ಕೆಂಪನ್ನು ಕಣ್ಣಿಗೆ ವಾಪಸ್ ಕಳಿಸುತ್ತೆ. ಎಲ್‌ಇಡಿ ಮುಂದೆ ಒಂದು ಧೂಳಿನ ಕಣ ಅಥವಾ ಮಳೆಹನಿ ಕೂತರೂ ಚುಕ್ಕೆ ಕೆಡುತ್ತೆ.

ಚುಕ್ಕೆ 2 ಅಥವಾ 3 ಎಂಒಎ ಇರಲಿ. ಎಂಒಎ ಅನ್ನೋದು ಕೋನದ ಅಳತೆ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ. 1 ಎಂಒಎ ಅಂದರೆ 50 ಮೀಟರ್‌ನಲ್ಲಿ 14.5 ಮಿಲಿಮೀಟರ್. 2ರ ಚುಕ್ಕೆ 29 ಮಿಲಿಮೀಟರ್ ಮುಚ್ಚುತ್ತೆ, 6ರದ್ದು 87. ಕಾಗದಕ್ಕೆ ಹೊಡೆಯುವವರಿಗೆ 6 ದೊಡ್ಡದಾಯಿತು. ಬುಷ್ನೆಲ್ ಟಿಆರ್‌ಎಸ್-25 ಮೂರರದ್ದು, ಸಿಗ್ ರೋಮಿಯೋ5 ಎರಡರದ್ದು. ಎರಡೂ ನಿಮ್ಮ ಕೆಲಸಕ್ಕೆ ಆಗುತ್ತವೆ. ಬೇರೆ ಹೆಸರಿನದು ತಗೊಂಡರೆ ಕೆಳಗಿನ ನಾಲ್ಕು ತೂತು ಏಮ್‌ಪಾಯಿಂಟ್ ಮೈಕ್ರೋ ಅನ್ನೋ ಸೈಟ್‌ನ ಅಳತೆಗೆ ಇದೆಯಾ ಕೇಳಿ. ಆ ಅಳತೆಗೆ ಗಿಡ್ಡ ಮೌಂಟ್ ಸುಲಭವಾಗಿ ಸಿಗುತ್ತೆ. ಕೊಳ್ಳುವ ಮುಂಚೆ ನೆರಳಿನಲ್ಲಿ ನಿಂತು ಅತಿ ಕಡಿಮೆ ಬೆಳಕಿನ ಹಂತ ಹಾಕಿ ನೋಡಿ. ಅಗ್ಗದ ಕೆಲವದರಲ್ಲಿ ಕಡಿಮೆ ಅನ್ನೋದೇ ಕಣ್ಣು ಕುಕ್ಕುತ್ತೆ, ನಿಮ್ಮ ಕಣ್ಣಿಗೆ ಅದು ಆಗಲ್ಲ. ಸೋಲಾರ್, ರಾತ್ರಿ ನೋಡುವ ಉಪಕರಣಕ್ಕೆ ಅಂತ ಇರುವ ಬೆಳಕಿನ ಹಂತ, ಭಾರಿ ಹಿನ್ನೂಕು ತಡೆಯುತ್ತೆ ಅನ್ನೋ ಮಾತು, ಇವಕ್ಕೆ ದುಡ್ಡು ಕೊಡಬೇಡಿ. ಆ ದುಡ್ಡು ಅಡಾಪ್ಟರ್‌ಗೆ ಹಾಕಿ.

ಕೂರಿಸಿದ ಮೇಲೆ ಬೋಲ್ಟ್ ತೆಗೆದು ನಳಿಗೆಯೊಳಗಿಂದ 25 ಮೀಟರ್‌ನ ಗುರಿ ನೋಡಿ, ಚುಕ್ಕೆಯನ್ನು ಅಲ್ಲಿಗೇ ತನ್ನಿ. ಆಮೇಲೆ 50ರಲ್ಲಿ ಝೀರೋ ಮಾಡಿ, ಅಂದರೆ ಚುಕ್ಕೆ ಇಟ್ಟ ಜಾಗಕ್ಕೇ ಗುಂಡು ಬೀಳುವ ಹಾಗೆ ಹೊಂದಿಸಿ. 1 ಎಂಒಎ ಕ್ಲಿಕ್ ಇದ್ದರೆ 25ರಲ್ಲಿ ಒಂದು ಕ್ಲಿಕ್‌ಗೆ 7 ಮಿಲಿಮೀಟರ್. 50ಕ್ಕೆ ಝೀರೋ ಆದರೆ 25ರಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮೇಲೆ ಬೀಳುತ್ತೆ. 100ಕ್ಕೆ ಹೋದರೆ ಮಾತ್ರ ಸಾಧಾರಣ ವೇಗದ ಗುಂಡು ಒಂದು ಗೇಣಿನಷ್ಟು ಕೆಳಗೆ.

ಪ್ರಶ್ನೆ ಕೇಳಿದವರು

ಹೊಸ ಅಡಾಪ್ಟರ್ ಬಂತು. ಹಳೇ ಸೈಟನ್ನೇ ಗಿಡ್ಡ ಮೌಂಟ್ ಮೇಲೆ ಕೂರಿಸಿ, ಮತ್ತೆ ಉಗುರು ಬಣ್ಣದ ಗೆರೆ ಎಳೆದು, ನಿನ್ನೆ 60 ಗುಂಡು ಹೊಡೆದೆ. ಗೆರೆ ಹಾಗೇ ಇದೆ. ಕೆನ್ನೆ ಈಗ ಸ್ಟಾಕ್ ಮೇಲೆ ಕೂರುತ್ತೆ. 50 ಮೀಟರ್‌ನಲ್ಲಿ ಮೊದಲನೇ ಗುಂಪು, ಕೊನೇ ಗುಂಪು ಒಂದರ ಮೇಲೊಂದು ಬಿದ್ದಿವೆ, ಹಾಳೆ ತೆಗೆದಿಟ್ಟುಕೊಂಡಿದ್ದೇನೆ. ಒಂದೇ ಅನುಮಾನ, ಝೀರೋ ಆದ ಮೇಲೆ ಚುಕ್ಕೆ ಗಾಜಿನ ನಡುವೆ ಇಲ್ಲ, ಸ್ವಲ್ಪ ಬಲಕ್ಕಿದೆ. ತೊಂದರೆನಾ?

ಉತ್ತರ

ಏನೂ ತೊಂದರೆ ಇಲ್ಲ. ಚುಕ್ಕೆ ಗಾಜಿನ ಯಾವ ಮೂಲೆಯಲ್ಲಿ ಕಂಡರೂ ಅದನ್ನೇ ಗುರಿಯ ಮೇಲಿಟ್ಟು ಹೊಡೆಯಿರಿ. ತೀರಾ ಅಂಚಿಗೆ ಹೋಗಿ ಕ್ಲಿಕ್ ಮುಗಿದುಹೋದರೆ ಮಾತ್ರ ಅಡಾಪ್ಟರ್ ಸೊಟ್ಟ ಕೂತಿದೆ ಅಂತ ಬಿಚ್ಚಿ ನೋಡಿ. ಸದ್ಯಕ್ಕೆ ಸೈಟ್ ಬದಲಿಸಬೇಡಿ, ಆ ದುಡ್ಡಿಗೆ ಗುಂಡು ತಗೊಳ್ಳಿ. ಹಾಗೇ ಬ್ಯಾಟರಿ ಸಿಆರ್2032 ಆಗಿದ್ದರೆ ಒಂದು ಜಾಸ್ತಿ ಚೀಲದಲ್ಲಿಟ್ಟುಕೊಳ್ಳಿ. ತಾನಾಗಿ ಆರುವ ಸೈಟ್ ಅಲ್ಲದಿದ್ದರೆ ಮರೆತು ಹಚ್ಚಿಟ್ಟು ಬರೋದು ಆಗೇ ಆಗುತ್ತೆ.