ರಾತ್ರಿ ಹಾಸಿಗೆ ಒದ್ದೆ ಮಾಡುವ ಮಗು: ಕಮ್ಮಿ ಖರ್ಚಿನಲ್ಲಿ ನಾವು ಸುಧಾರಿಸಿದ್ದು ಹೀಗೆ

ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ತಂಗಿಯೊಬ್ಬರು ಕೇಳಿದ್ದಾರೆ. ಮಗನಿಗೆ ಮೂರೂವರೆ ವರ್ಷ. ಹಗಲು ಹೇಳಿ ಹೋಗುತ್ತಾನೆ, ರಾತ್ರಿ ಮಾತ್ರ ದಿನಾ ಹಾಸಿಗೆ ಒದ್ದೆ. ಡೈಪರ್ ಖರ್ಚು ಭಾರ ಆಗುತ್ತಿದೆ. "ಇಷ್ಟು ದೊಡ್ಡವನಾದ ಮೇಲೂ ಇದೆಂತದು" ಎಂದು ಅತ್ತೆ ಜೋರು ಮಾಡುತ್ತಾರೆ. ಮಳೆಗಾಲಕ್ಕೆ ಮೊದಲು ಡೈಪರ್ ಬಿಡಿಸಬಹುದಾ, ಜಾಸ್ತಿ ಖರ್ಚಿಲ್ಲದೆ ಹೇಗೆ ಅಂತ ಅವರ ಪ್ರಶ್ನೆ.

ನಾನು ಬದಿಯಡ್ಕದ ಹತ್ತಿರದವಳು. ಎರಡು ಮಕ್ಕಳು. ಮಗಳು ಮೂರು ತುಂಬುವಾಗಲೇ ರಾತ್ರಿ ಒಣಗಿ ಏಳುತ್ತಿದ್ದಳು, ನಾನೇನೂ ಮಾಡಲಿಲ್ಲ. ಮಗನಿಗೆ ಆರೂವರೆ ಆಗಬೇಕಾಯಿತು. ಒಂದೇ ಮನೆ, ಒಂದೇ ಊಟ, ಒಂದೇ ಅಮ್ಮ. ಹಾಗಾಗಿ ತಂಗೀ, ಮೊದಲು ಇದನ್ನು ಮನಸ್ಸಿಗೆ ತೆಗೆದುಕೊಳ್ಳಿ: ಮೂರೂವರೆಗೆ ರಾತ್ರಿ ಉಚ್ಚೆ ಹೋಗುವುದು ತಡ ಅಲ್ಲವೇ ಅಲ್ಲ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. ಐದು ತುಂಬುವವರೆಗೆ ಡಾಕ್ಟರುಗಳು ಇದನ್ನು ತೊಂದರೆ ಎಂದೇ ಲೆಕ್ಕ ಹಾಕುವುದಿಲ್ಲ.

ಹಗಲು ಹೇಳುವುದನ್ನು ನಾವು ಕಲಿಸಬಹುದು. ರಾತ್ರಿಯದ್ದು ಹಾಗಲ್ಲ. ನಿದ್ದೆಯಲ್ಲಿ ಮೂತ್ರ ಕಮ್ಮಿ ತಯಾರಾಗಲಿ ಎಂದು ಮೆದುಳು ವಾಸೋಪ್ರೆಸಿನ್ ಎಂಬ ಹಾರ್ಮೋನನ್ನು ರಾತ್ರಿ ಜಾಸ್ತಿ ಬಿಡುತ್ತದೆ. ಕೆಲವು ಮಕ್ಕಳಲ್ಲಿ ಅದು ಸರಿಯಾಗುವುದು ನಿಧಾನ. ಕೆಲವರಿಗೆ ಮೂತ್ರಚೀಲ ತುಂಬಿದ್ದು ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಇದು ವಂಶದಲ್ಲೂ ಬರುತ್ತದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದ್ದರೆ ನೂರರಲ್ಲಿ 40ಕ್ಕಿಂತ ಜಾಸ್ತಿ ಮಕ್ಕಳಿಗೆ, ಇಬ್ಬರಿಗೂ ಇದ್ದರೆ 75ರಷ್ಟು ಮಕ್ಕಳಿಗೆ ಬರಬಹುದು. ನಿಮ್ಮ ಅತ್ತೆಯ ಹತ್ತಿರ ಸಮಾಧಾನದಲ್ಲಿ ಕೇಳಿ ನೋಡಿ, ನಿಮ್ಮ ಮನೆಯವರು ಎಷ್ಟು ವರ್ಷದವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದರು ಅಂತ. ನಮ್ಮ ಮನೆಯಲ್ಲಿ ಈ ಮಾತು ಬಂದ ದಿನವೇ ಬೈಗುಳ ಅರ್ಧ ಕಮ್ಮಿಯಾಯಿತು. ನನ್ನ ಗಂಡ ಏಳು ವರ್ಷದವರೆಗೆ ಹಾಗೆಯೇ ಇದ್ದರಂತೆ.

ಈಗ ಖರ್ಚಿನ ವಿಷಯ. ಡೈಪರ್ ಒಂದಕ್ಕೆ 12 ರೂಪಾಯಿ ಅಂತ ಹಿಡಿದರೂ ದಿನಕ್ಕೊಂದರಂತೆ ತಿಂಗಳಿಗೆ 360. ನಾನು ಅದರ ಬದಲು ಹಾಸಿಗೆ ಹಾಕುವ ಕ್ರಮವನ್ನೇ ಬದಲಾಯಿಸಿದೆ.

ನಮ್ಮದು ಬೂರುಗದ ಹತ್ತಿಯ ಹಾಸಿಗೆ. ಒಮ್ಮೆ ಒಳಗೆ ನೀರು ಇಳಿದರೆ ಅದು ಒಣಗುವುದೇ ಇಲ್ಲ, ವಾಸನೆಯೂ ಹೋಗುವುದಿಲ್ಲ. ಹಾಗಾಗಿ ಮೊದಲು ಹಾಸಿಗೆಯನ್ನು ಉಳಿಸಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಬಾಣಂತಿಯರಿಗೆ ಕೊಡುವ ರಬ್ಬರ್ ಶೀಟು ಸಿಗುತ್ತದೆ. ಎರಡು ತುಂಡು ತನ್ನಿ, ಮಗುವಿನ ಹೆಗಲಿನಿಂದ ಮೊಣಕಾಲಿನವರೆಗೆ ಬರುವಷ್ಟು ಸಾಕು. ಹಾಸಿಗೆಯ ಮೇಲೆ ಒಂದು ರಬ್ಬರ್ ಶೀಟು, ಅದರ ಮೇಲೆ ಹತ್ತಿಯ ಹಾಸು. ಅದರ ಮೇಲೆ ಇನ್ನೊಂದು ರಬ್ಬರ್ ಶೀಟು, ಮತ್ತೆ ಇನ್ನೊಂದು ಹಾಸು. ನಡುರಾತ್ರಿ ಒದ್ದೆಯಾದಾಗ ಮೇಲಿನ ಎರಡನ್ನು ಎಳೆದು ಬಕೆಟ್ಟಿಗೆ ಹಾಕಿದರೆ ಆಯಿತು, ಕೆಳಗೆ ಒಣಗಿದ ಹಾಸಿಗೆ ತಯಾರಿರುತ್ತದೆ. ಚಡ್ಡಿ ಬದಲಿಸಿ ಎರಡು ನಿಮಿಷದಲ್ಲಿ ಮಲಗಬಹುದು. ಲೈಟು ಹಾಕಿ, ಎಲ್ಲರನ್ನೂ ಎಬ್ಬಿಸಿ ಗಲಾಟೆ ಆಗುವುದಿಲ್ಲ. ನಿದ್ದೆ ಕೆಟ್ಟಾಗಲೇ ಅಲ್ವಾ ನಮಗೆ ಸಿಟ್ಟು ಬರುವುದು?

ಈ ಹಾಸುಗಳಿಗೆ ಹೊಸ ಬಟ್ಟೆ ಬೇಡ. ಹಳೆ ಹತ್ತಿ ಸೀರೆಯನ್ನು ಎಂಟು ಮಡಿಕೆ ಮಾಡಿ ಸುತ್ತ ಮತ್ತು ನಡುವೆ ಹೊಲಿಗೆ ಹಾಕಿದರೆ ಚೆನ್ನಾಗಿ ನೀರು ಹೀರುತ್ತದೆ. ನಾನು ಅಜ್ಜಿಯ ಎರಡು ಹಳೆ ಕಾಸರಗೋಡು ಸೀರೆಗಳಲ್ಲಿ ಐದು ಹಾಸು ಮಾಡಿದ್ದೆ. ಪಕ್ಕದ ಮನೆಯ ಬ್ಯಾರಿ ಅಕ್ಕ ಹಳೆ ಲುಂಗಿ ಮತ್ತು ಬೈರಾಸಿನಲ್ಲೇ (ಟವೆಲ್) ಮೂರು ಮಕ್ಕಳನ್ನು ಸುಧಾರಿಸಿದ್ದಾರೆ. ಪಾಲಿಯೆಸ್ಟರ್ ಮಾತ್ರ ಬೇಡ, ನೀರು ಹೀರದೆ ಪಕ್ಕಕ್ಕೆ ಹರಿದು ಹೋಗುತ್ತದೆ. ಅಡಿಕೆ ಹರಡುವ ಟಾರ್ಪಾಲಿನ ತುಂಡನ್ನು ರಬ್ಬರ್ ಶೀಟಿನ ಬದಲು ಹಾಕಿ ನೋಡಿದ್ದೆ. ನೀರು ಇಳಿಯುವುದಿಲ್ಲ, ನಿಜ. ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ಚರಚರ ಸದ್ದು, ಸೆಕೆಗೆ ಬೆನ್ನೆಲ್ಲ ಬೆವರು. ಅದು ಬೇಡ.

ಒದ್ದೆ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿ. ವಾಸನೆ ಹಿಡಿದಿದ್ದರೆ ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ. ಬಟ್ಟೆ ಮೆತ್ತಗಾಗಲು ಹಾಕುವ ಲಿಕ್ವಿಡ್ ಈ ಹಾಸುಗಳಿಗೆ ಬೇಡ, ನೀರು ಹೀರುವ ಗುಣ ಹೋಗುತ್ತದೆ.

ನಮ್ಮ ಊರಲ್ಲಿ ನಿಜವಾದ ಕಷ್ಟ ಒಣಗಿಸುವುದು. ಜೂನಿನಿಂದ ಆಟಿ ತಿಂಗಳು (ಆಗಸ್ಟ್ ನಡುವಿಗೆ) ಮುಗಿಯುವವರೆಗೆ ಬಿಸಿಲು ಕಾಣುವುದೇ ಅಪರೂಪ. ಅದಕ್ಕೇ ಡೈಪರ್ ಬಿಡಿಸುವುದಾದರೆ ಈಗಲೇ ಶುರು ಮಾಡಿ ಎನ್ನುತ್ತೇನೆ. ಏಪ್ರಿಲ್, ಮೇ ಎರಡು ತಿಂಗಳು ಅಂಗಳದಲ್ಲಿ ಹಾಕಿದ ಹಾಸು ಮಧ್ಯಾಹ್ನದೊಳಗೆ ಒಣಗುತ್ತದೆ. ಅಷ್ಟರಲ್ಲಿ ವಾರಕ್ಕೆ ಎರಡು ಮೂರು ದಿನ ಒಣಗಿ ಎದ್ದರೆ ಮುಂದುವರಿಸಿ. ಒಂದು ದಿನವೂ ಇಲ್ಲ ಎಂದಾದರೆ ಅವನ ದೇಹ ಇನ್ನೂ ತಯಾರಾಗಿಲ್ಲ, ಮಳೆಗಾಲದ ಮೂರು ತಿಂಗಳು ಡೈಪರ್ ಹಾಕಿ. ಅದರಲ್ಲಿ ಸೋಲು ಏನೂ ಇಲ್ಲ. ಮಳೆಯಲ್ಲೂ ಬಟ್ಟೆಯಲ್ಲೇ ಇರುತ್ತೇವೆ ಎನ್ನುವವರಿಗೆ ನಾವು ಮಾಡಿದ್ದು ಎರಡು. ಬಚ್ಚಲ ಒಲೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಗ್ಗ ಕಟ್ಟಿದ್ದು, ರಾತ್ರಿ ಕೆಂಡದ ಬಿಸಿಗೆ ಒಣಗುತ್ತದೆ, ಬೆಂಕಿ ಪೂರ್ತಿ ಇಳಿದ ಮೇಲೆ ಮಾತ್ರ. ಇನ್ನೊಂದು, ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಶೀಟು ಹೊದೆಸಿ ಮಾಡಿದ ಸೋಲಾರ್ ಗೂಡು. ಮಳೆಗಾಲದಲ್ಲಿ ಅದು ಖಾಲಿ. ಒಂದು ಗಂಟೆ ಮೋಡ ಸರಿದರೂ ಒಳಗೆ ಬಿಸಿಯಾಗುತ್ತದೆ. ಕಾಞಂಗಾಡಿನ ಬಾಡಿಗೆ ಮನೆಯಲ್ಲಿರುವ ನನ್ನ ಅತ್ತಿಗೆಗೆ ಅಂಗಳವೂ ಇಲ್ಲ, ಒಲೆಯೂ ಇಲ್ಲ. ಆಕೆ ತೆಳ್ಳಗಿನ ಹಾಸುಗಳನ್ನೇ ಜಾಸ್ತಿ ಇಟ್ಟುಕೊಂಡು ಫ್ಯಾನಿನ ಕೆಳಗೆ ಒಣಗಿಸುತ್ತಾಳೆ. ದಪ್ಪದ್ದು ಒಂದರ ಬದಲು ತೆಳ್ಳಗಿನವು ಎರಡು, ಅದು ಒಳ್ಳೆಯ ಉಪಾಯ.

ಎಬ್ಬಿಸಿ ಕೂರಿಸುವ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಅನುಭವ ಇದು. ನಾವು ಮಲಗುವಾಗ, ಹತ್ತೂವರೆಗೆ, ಒಮ್ಮೆ ಎಬ್ಬಿಸಿ ಕರೆದುಕೊಂಡು ಹೋದರೆ ಆ ರಾತ್ರಿ ಒಂದು ಹಾಸು ಉಳಿಯುತ್ತದೆ. ಅಷ್ಟೇ, ಅದರಿಂದ ಅಭ್ಯಾಸ ಆಗುವುದಿಲ್ಲ. ಗಂಟೆಗೊಮ್ಮೆ ಎಬ್ಬಿಸಿದರೆ ಮಗುವಿನ ನಿದ್ದೆಯೂ ಹೋಗುತ್ತದೆ, ನಿಮ್ಮದೂ. ಅದರ ಬದಲು ಮಲಗುವ ಮೊದಲು ಎರಡು ಸಲ ಕಳಿಸಿ. ಹಲ್ಲುಜ್ಜುವಾಗ ಒಮ್ಮೆ, ಕಥೆ ಮುಗಿದು ಮಲಗುವಾಗ ಇನ್ನೊಮ್ಮೆ. ಎರಡನೇ ಸಲವೂ ಸ್ವಲ್ಪ ಬರುತ್ತದೆ, ನೋಡಿ.

ಹಳೆ ಮನೆಗಳಲ್ಲಿ ಕಕ್ಕಸು ಹೊರಗೆ. ಕತ್ತಲೆ, ಮಳೆ, ಕಪ್ಪೆಯ ಕೂಗು. ಎಚ್ಚರವಾದರೂ ಮಗು ಹೆದರಿ ಮಲಗಿಯೇ ಇರುತ್ತದೆ. ನನ್ನ ಮಗ ಹಾಗೆ ಮಾಡುತ್ತಿದ್ದಾನೆ ಎಂದು ನನಗೆ ಗೊತ್ತಾದಾಗ ಅವನಿಗೆ ಐದು ವರ್ಷ. ಕೋಣೆಯ ಮೂಲೆಯಲ್ಲಿ ಹಳೆ ಪೈಂಟ್ ಬಕೆಟ್ ಇಟ್ಟೆ, ಝೀರೋ ಬಲ್ಬು ಹಾಕಿದೆ, ಕರೆಂಟು ಹೋದರೆ ಎಂದು ತಲೆದಿಂಬಿನ ಹತ್ತಿರ ಟಾರ್ಚ್ ಇಟ್ಟೆ. ಆ ವಾರವೇ ಎರಡು ರಾತ್ರಿ ತಾನೇ ಎದ್ದು ಹೋದ. ಗುಳಿಗ ಭೂತ ಬರುತ್ತಾನೆ, ಬರೆ ಹಾಕುತ್ತೇನೆ ಎಂದೆಲ್ಲ ಹೆದರಿಸುವುದನ್ನು ದಯವಿಟ್ಟು ಮನೆಯಲ್ಲಿ ಯಾರೂ ಮಾಡದ ಹಾಗೆ ನೋಡಿಕೊಳ್ಳಿ.

ಊಟದಲ್ಲಿ ನಾವು ಬದಲಿಸಿದ್ದು ಸ್ವಲ್ಪವೇ. ರಾತ್ರಿ ಗಂಜಿ ಬಿಟ್ಟು ಅನ್ನ ಅಥವಾ ದೋಸೆ ಕೊಟ್ಟೆ, ಗಂಜಿ ಬೆಳಿಗ್ಗೆಗೆ ಹೋಯಿತು. ಬಚ್ಚಂಗಾಯಿ (ಕಲ್ಲಂಗಡಿ) ಸಂಜೆ ನಾಲ್ಕರ ಒಳಗೆ. ಸಂಜೆ ಚಾ ಪೂರ್ತಿ ನಿಲ್ಲಿಸಿದೆ, ಅದರಲ್ಲಿರುವ ಕೆಫೀನ್ ಮೂತ್ರ ಜಾಸ್ತಿ ಮಾಡುತ್ತದೆ. ಆದರೆ ನೀರು ಕಮ್ಮಿ ಕೊಡಬೇಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಚೆನ್ನಾಗಿ ಕುಡಿಯಲಿ, ಮಲಗುವ ಒಂದೆರಡು ಗಂಟೆ ಮೊದಲು ಮಾತ್ರ ಹಿಡಿತ ಇರಲಿ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿ ಮಾಡಿ. ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತದೆ. ಬಸಳೆ, ಹರಿವೆ, ಕದಳಿ ಬಾಳೆಹಣ್ಣು ನಮ್ಮಲ್ಲಿ ಕೆಲಸ ಮಾಡಿತು. ಎಳ್ಳುಂಡೆ ಕೊಟ್ಟರೆ ನಿಲ್ಲುತ್ತದೆ ಎಂದು ತುಂಬಾ ಜನ ಹೇಳಿದರು. ಒಂದು ತಿಂಗಳು ಕೊಟ್ಟೆ, ವ್ಯತ್ಯಾಸ ಕಾಣಲಿಲ್ಲ. ಇಷ್ಟಪಟ್ಟು ತಿಂದರೆ ತಿನ್ನಲಿ.

ಒಂದು ಮಾತು ಬರೆಯದೆ ಇರಲಾರೆ. ಮಗನಿಗೆ ನಾಲ್ಕೂವರೆ ಆಗಿದ್ದಾಗ ಒಂದು ಬೆಳಿಗ್ಗೆ ನೆಂಟರ ಎದುರು ಅವನನ್ನು ಬೈದೆ. ಮರುದಿನದಿಂದ ಅವನು ಒದ್ದೆ ಚಡ್ಡಿಯನ್ನು ಅಡಿಕೆ ಗೋಣಿಗಳ ಹಿಂದೆ ಅಡಗಿಸಿಡಲು ಶುರು ಮಾಡಿದ. ಶಾಲೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟ. ಉರಿ ಮೂತ್ರ ಶುರುವಾಗಿ ಡಾಕ್ಟರ ಹತ್ತಿರ ಹೋದಾಗಲೇ ನನಗೆ ಇದೆಲ್ಲ ಗೊತ್ತಾದದ್ದು. ಅವನು ಬೇಕೆಂದು ಮಾಡುತ್ತಿರಲಿಲ್ಲ, ನಿದ್ದೆಯಲ್ಲಿ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಒದ್ದೆಯಾದ ದಿನ "ಸರಿ ಮಗಾ, ಬಟ್ಟೆ ಬಕೆಟ್ಟಿಗೆ ಹಾಕು" ಎಂದಷ್ಟೇ ಹೇಳಿದೆ. ಮೈ ಸೋಪು ಹಾಕಿ ತೊಳೆದು ಸ್ವಲ್ಪ ತೆಂಗಿನೆಣ್ಣೆ ಹಚ್ಚುತ್ತಿದ್ದೆ, ತೊಡೆ ಕೆಂಪಾಗುವುದಿಲ್ಲ.

ಡಾಕ್ಟರಿಗೆ ತೋರಿಸಬೇಕಾದದ್ದು ಯಾವಾಗ? ಉರಿ, ಜ್ವರ ಅಥವಾ ಮೂತ್ರದಲ್ಲಿ ರಕ್ತ ಇದ್ದರೆ. ತುಂಬಾ ಬಾಯಾರಿಕೆಯಾಗಿ ಮಗು ಸಪೂರ ಆಗುತ್ತಿದ್ದರೆ ತಡ ಮಾಡಬೇಡಿ, ಅದು ಸಕ್ಕರೆ ಕಾಯಿಲೆ ಇರಬಹುದು. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೂ ತೋರಿಸಿ. ಹಾಸಿಗೆಯಲ್ಲಿ ಇಡುವ ಅಲಾರಂ, ಮಾತ್ರೆ ಎಲ್ಲ ಇದೆ. ಅವು ಸಾಮಾನ್ಯವಾಗಿ ಐದಾರು ವರ್ಷ ದಾಟಿದವರಿಗೆ, ಡಾಕ್ಟರು ಹೇಳಿದರೆ ಮಾತ್ರ. ಮೂರೂವರೆಗೆ ಅದಕ್ಕೆ ದುಡ್ಡು ಹಾಕಬೇಡಿ.

ಮದುವೆ ಮನೆಗೋ ಅಜ್ಜನ ಮನೆಗೋ ಹೋಗಿ ಉಳಿಯುವ ರಾತ್ರಿಗಳಿಗೆ ಹತ್ತು ಡೈಪರ್ ತೆಗೆದಿಟ್ಟುಕೊಳ್ಳಿ. ಬೇರೆಯವರ ಹಾಸಿಗೆಯಲ್ಲಿ ಅವನಿಗೂ ನಿಮಗೂ ನೆಮ್ಮದಿಯ ನಿದ್ದೆ ಬರಲಿ. ಮನೆಗೆ ಬಂದ ಮೇಲೆ ಮತ್ತೆ ಹಾಸು ಹಾಕಿದರೆ ಆಯಿತು.