ಟ್ರಾಫಿಕ್‌ನಲ್ಲಿ ಏರುವ ಮುಳ್ಳು, ರೋಡಲ್ಲಿ ಇಳಿಯುವ ಮುಳ್ಳು: ಗಾಡಿ ಮಾರಲಾ, ಇಟ್ಕೊಳ್ಳಲಾ?

ಎಂಟುವರ್ಷದಗಾಡಿ
ಎಲ್ಲರಿಗೂ ನಮಸ್ಕಾರ. ನನ್ನದು ಪೆಟ್ರೋಲ್ ಕಾರು, 8 ವರ್ಷ ಹಳೇದು, ಮೀಟರ್‌ನಲ್ಲಿ 86,000 ಕಿ.ಮೀ. ಎರಡು ವಾರದಿಂದ ಒಂದೇ ಕಾಟ. ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೆ ಹತ್ತಿ ಕೆಂಪು ಗೆರೆಯ ಹತ್ತಿರ ಹೋಗುತ್ತೆ. ಜಾಮ್ ಬಿಟ್ಟು ಗಾಡಿ ಓಡೋಕೆ ಶುರುವಾದರೆ ತಾನಾಗೇ ಇಳಿಯುತ್ತೆ. ಗ್ಯಾರೇಜಿಗೆ ಒಯ್ದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಒಳಗಡೆ ಅಂಟಿದ್ದ ಬಿಳಿ ನೊರೆ ಬೆರಳಲ್ಲಿ ತೆಗೆದು ನನಗೆ ತೋರಿಸಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದರು. ಎಂಜಿನ್‌ನ ಎರಡು ಭಾಗಗಳ ನಡುವೆ, ನೀರು ಆಯಿಲ್ ಬೆರೆಯದ ಹಾಗೆ ಕೂರಿಸೋ ತೆಳು ಹಾಳೆಯಂತೆ ಅದು. ಎರಡೇ ನಿಮಿಷದ ತಪಾಸಣೆ. ಅವರು ಹೇಳಿದ ಖರ್ಚು ಕೇಳಿ ಮಾರೋದೇ ವಾಸಿ ಅನ್ನಿಸ್ತಿದೆ. ಏನು ಮಾಡಲಿ?

ಶೋರೂಂವಾಸನೆ
ಮಾರಿಬಿಡಿ ಸರ್. 8 ವರ್ಷ ಅಂದ್ರೆ ಗಾಡಿಗೆ ಮುಪ್ಪು ಬಂತು ಅಂತಲೇ. ಇವತ್ತು ಗ್ಯಾಸ್ಕೆಟ್, ಮುಂದಿನ ತಿಂಗಳು ಕ್ಲಚ್, ಅದಾದ ಮೇಲೆ ಸಸ್ಪೆನ್ಷನ್. ನಾನೂ ಹಳೇ ಗಾಡಿಗೆ ದುಡ್ಡು ಸುರಿದೂ ಸುರಿದೂ ಕೊನೆಗೆ ಗುಜರಿ ರೇಟಿಗೆ ಕೊಟ್ಟು ಕೈ ತೊಳ್ಕೊಂಡೆ.

ಪಾನಾಪುರಾಣ
ಮಾರೋ ಮಾತು ಆಮೇಲೆ. ಎಂಟುವರ್ಷ ಅವರೇ, ನೀವು ಬರೆದಿರೋದರಲ್ಲೇ ಅರ್ಧ ಉತ್ತರ ಇದೆ. ನಿಂತರೆ ಏರುತ್ತೆ, ಓಡಿದರೆ ಇಳಿಯುತ್ತೆ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನ ತಣ್ಣಗಿಡುತ್ತೆ. ನಿಂತಾಗ ಗಾಳಿ ಎಳೆಯೋಕೆ ಇರೋದು ಫ್ಯಾನ್ ಒಂದೇ. ಗ್ಯಾಸ್ಕೆಟ್ ಹೋದ ಗಾಡಿ ಸಾಮಾನ್ಯವಾಗಿ ಉಲ್ಟಾ ಆಡುತ್ತೆ: ಏರು ಹತ್ತುವಾಗ, ಲೋಡ್ ಬಿದ್ದಾಗ, ಹೈವೇಯಲ್ಲಿ ಒತ್ತಿ ಓಡಿಸಿದಾಗ ಕಾಯುತ್ತೆ.

ಒಂದು ಪ್ರಶ್ನೆ. ಮುಳ್ಳು ಮೇಲಿದ್ದಾಗ ಎಸಿ ಹೇಗಿರುತ್ತೆ?

ಎಂಟುವರ್ಷದಗಾಡಿ
ಅಯ್ಯೋ, ಹೌದು! ನಿಂತಾಗ ಎಸಿಯಿಂದ ಬರೀ ಬೆಚ್ಚನೆ ಗಾಳಿ. ಓಡಿದರೆ ಮತ್ತೆ ತಣ್ಣಗೆ. ಗ್ಯಾಸ್ ಕಮ್ಮಿಯಾಗಿರಬೇಕು, ಅದು ಬೇರೆ ರೋಗ ಅಂದ್ಕೊಂಡು ಇಲ್ಲಿ ಬರೀಲೇ ಇಲ್ಲ.

ಪಾನಾಪುರಾಣ
ಬೇರೆ ರೋಗ ಅಲ್ಲ, ಒಂದೇ. ಎಸಿಯ ಬಿಸಿ ಹೊರಹಾಕೋ ಕಂಡೆನ್ಸರ್ ಕೂತಿರೋದು ರೇಡಿಯೇಟರ್ ಮುಂದೆ. ಎರಡಕ್ಕೂ ಗಾಳಿ ಎಳೆಯೋದು ಅದೇ ಫ್ಯಾನ್. ನಾಳೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಫುಲ್ ಹಾಕಿ, ಬಾನೆಟ್ ಎತ್ತಿ ನೋಡಿ. ಒಂದೆರಡು ನಿಮಿಷದಲ್ಲಿ ಫ್ಯಾನ್ ತಿರುಗಬೇಕು. ಕೈ, ತೋಳಿನ ಬಟ್ಟೆ ಎಲ್ಲ ದೂರ ಇರಲಿ. ಎಂಜಿನ್ ಆಫ್ ಆದ ಮೇಲೂ ಎಷ್ಟೋ ಗಾಡಿಗಳಲ್ಲಿ ಅದು ದಿಢೀರ್ ಅಂತ ತಿರುಗುತ್ತೆ.

ಗ್ರೀಸ್‌ಕೈ
ನಾನು ಬಹಳ ವರ್ಷ ಗ್ಯಾರೇಜಲ್ಲಿ ಕೆಲಸ ಮಾಡಿದವನು. ಸ್ವಲ್ಪ ನಿಧಾನಿಸಿ. ಎಂಜಿನ್ ಮಿತಿಮೀರಿ ಬಿಸಿಯಾದರೆ ಕಂಪ್ಯೂಟರ್ ತಾನೇ ಎಸಿ ಕಂಪ್ರೆಸರ್ ಕಟ್ ಮಾಡುತ್ತೆ, ಎಂಜಿನ್‌ಗೆ ಭಾರ ಕಮ್ಮಿಯಾಗಲಿ ಅಂತ. ಹಾಗಾಗಿ ಎಸಿ ಬೆಚ್ಚಗಾದ ಮಾತ್ರಕ್ಕೆ ತಪ್ಪು ಫ್ಯಾನ್‌ದೇ ಅಂತ ತೀರ್ಪು ಕೊಡಬೇಡಿ. ಆ ಗ್ಯಾರೇಜಿನವನನ್ನೂ ಕಳ್ಳ ಅಂತ ತಿಳ್ಕೋಬೇಡಿ. ಆಯಿಲ್‌ಗೆ ನೀರು ಸೇರಿದ ಎಂಜಿನ್‌ಗಳನ್ನ ಅವನು ನೋಡಿರ್ತಾನೆ, ನೊರೆ ಕಂಡರೆ ಮೊದಲು ಅದೇ ಹೊಳೆಯೋದು. ತಪ್ಪಿದ್ದು ಎಲ್ಲಿ ಅಂದ್ರೆ, ಹೊಳೆದದ್ದನ್ನ ಟೆಸ್ಟ್ ಮಾಡದೆ ಹೇಳಿಬಿಟ್ಟ. ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಮೇಲೆ ಒಂದು ಕೊಳವೆ ಇಟ್ಟು, ಅದರಲ್ಲಿ ನೀಲಿ ದ್ರಾವಣ ಹಾಕಿ, ಮೇಲೆ ಬರುವ ಗಾಳಿಯನ್ನ ಅದರೊಳಗೆ ಹಾಯಿಸೋ ಟೆಸ್ಟ್ ಒಂದಿದೆ. ಸಿಲಿಂಡರ್ ಒಳಗಿನ ಹೊಗೆ ಕೂಲಂಟ್‌ಗೆ ನುಗ್ತಾ ಇದ್ದರೆ ನೀಲಿ ಹಳದಿಯಾಗುತ್ತೆ. ಎಂಜಿನ್ ಬಿಚ್ಚೋ ಮೊದಲು ಅದನ್ನ ಕೇಳಿ ಮಾಡಿಸಿ.

ಡಿಪ್‌ಸ್ಟಿಕ್
ನೊರೆ ವಿಷಯಕ್ಕೆ ನನ್ನದೂ ಒಂದು ಮಾತು. ದಿನಾ ಎಷ್ಟು ದೂರ ಓಡಿಸ್ತೀರಿ?

ಎಂಟುವರ್ಷದಗಾಡಿ
ಕೆಲಸಕ್ಕೆ 3 ಕಿ.ಮೀ. ಹೋಗ್ತಾ 3, ಬರ್ತಾ 3. ಅದರಲ್ಲಿ ಅರ್ಧ ಹೊತ್ತು ನಿಂತೇ ಇರ್ತೀನಿ.

ಡಿಪ್‌ಸ್ಟಿಕ್
ಅಂದ್ಕೊಂಡೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತೆ, ಅದರಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗೆ ಆಯಿಲ್‌ಗೆ ಇಳಿಯುತ್ತೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಆ ನೀರು ಆರಿಹೋಗುತ್ತೆ. 3 ಕಿ.ಮೀ.ಗೆ ಆಯಿಲ್ ಅಷ್ಟು ಕಾಯೋದೇ ಇಲ್ಲ. ಎಂಜಿನ್ನಿನಲ್ಲಿ ತಣ್ಣಗಿರೋ ಜಾಗ ಆ ಮುಚ್ಚಳ, ಆವಿ ಅಲ್ಲೇ ಹೋಗಿ ಕೂರುತ್ತೆ. ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಬಿಳಿ ಬಟ್ಟೆಯಲ್ಲಿ ಒರೆಸಿ. ಅಲ್ಲೂ ಆಯಿಲ್ ಬಿಳಿಚಿಕೊಂಡಿದ್ದರೆ ಗ್ಯಾಸ್ಕೆಟ್ ಭಯ ನಿಜ. ಅಲ್ಲಿ ಸಹಜ ಬಣ್ಣ ಇದ್ದು ಮುಚ್ಚಳದಲ್ಲಿ ಮಾತ್ರ ನೊರೆ ಇದ್ದರೆ, ವಾರಕ್ಕೊಮ್ಮೆ ಅರ್ಧ ಗಂಟೆ ಒಂದೇ ಸಮ ಓಡಿಸಿ ಬನ್ನಿ. ಫ್ಯಾನ್ ರಿಪೇರಿ ಆದ ಮೇಲೆ, ಮೊದಲೇ ಅಲ್ಲ!

ಶೋರೂಂವಾಸನೆ
ಇದನ್ನೇ ನಾನು ಹೇಳ್ತಿರೋದು. ಒಂದು ಕಾರು ಓಡಿಸೋಕೆ ಇಷ್ಟೆಲ್ಲ ಓದಬೇಕಾ? ಸಾಮಾನ್ಯ ಮನುಷ್ಯ ಕೀ ತಿರುಗಿಸಬೇಕು, ಹೋಗಬೇಕು. ವಿಶ್ವಾಸಾರ್ಹತೆ ಅಂದ್ರೆ ಅದು. ಒಳ್ಳೇ ರೇಟಿಂಗ್ ಇರೋ ಬ್ರ್ಯಾಂಡ್ ತಗೊಂಡು, ವಾರಂಟಿ ಮುಗಿಯೋದ್ರೊಳಗೆ ಮಾರಿ, ಇನ್ನೊಂದು ತಗೊಳ್ಳೋದು. ತಲೆನೋವೇ ಇಲ್ಲ.

ಲೆಕ್ಕದಪುಸ್ತಕ
ಆ ರೇಟಿಂಗ್‌ಗಳು ಏನನ್ನ ಎಣಿಸುತ್ತವೆ ಅಂತ ನೋಡಿದ್ದೀರಾ ಶೋರೂಂ ಅವರೇ? ಜೆ.ಡಿ. ಪವರ್‌ನ ಬಾಳಿಕೆ ಸಮೀಕ್ಷೆ ಕೇಳೋದು ಮೂರು ವರ್ಷದ ಗಾಡಿಗಳ ಮಾಲೀಕರನ್ನ. 100 ಗಾಡಿಗೆ ಎಷ್ಟು ತೊಂದರೆ ಅಂತ ಲೆಕ್ಕ. ಫೋನ್ ಸ್ಕ್ರೀನ್‌ಗೆ ಕನೆಕ್ಟ್ ಆಗಲಿಲ್ಲ ಅನ್ನೋದೂ ಒಂದು ತೊಂದರೆ, ಗೇರ್‌ಬಾಕ್ಸ್ ಕೆಟ್ಟಿತು ಅನ್ನೋದೂ ಒಂದು ತೊಂದರೆ. ಎಂಟನೇ ವರ್ಷದಲ್ಲಿ ಆ ಎಂಜಿನ್ ಹೇಗಿರುತ್ತೆ ಅನ್ನೋದು ಅದರಲ್ಲಿ ಸಿಗಲ್ಲ.

ಇನ್ನೊಂದು ಕಡೆಯಿಂದ ನೋಡಿ. ಜರ್ಮನಿಯ ಎಡಿಎಸಿ ಅನ್ನೋ ವಾಹನ ಸವಾರರ ಸಂಘ, ರಸ್ತೇಲಿ ನಿಂತ ಗಾಡಿಗಳಿಗೆ ಸಹಾಯಕ್ಕೆ ಹೋದಾಗ ಕೆಟ್ಟದ್ದು ಏನು ಅಂತ ಬರೆದಿಡುತ್ತೆ. ಈಚಿನ ವರ್ಷಗಳ ಪಟ್ಟಿಯಲ್ಲಿ ಸತತವಾಗಿ ಮೊದಲ ಸ್ಥಾನ ಆ ಸಣ್ಣ 12 ವೋಲ್ಟ್ ಬ್ಯಾಟರಿಗೆ, 40%ಗಿಂತ ಜಾಸ್ತಿ. ಎಂಜಿನ್ ಅಲ್ಲ, ಗೇರ್‌ಬಾಕ್ಸ್ ಅಲ್ಲ. ಯಾವ ಬ್ರ್ಯಾಂಡ್ ಕೊಂಡರೂ ಅದರೊಳಗೆ ಕೂರೋದು ಅಂಥದ್ದೇ ಬ್ಯಾಟರಿ.

ನನ್ನ ಗಾಡೀಲಿ ಒಂದು ಸಣ್ಣ ನೋಟ್‌ಬುಕ್ ಇದೆ, ಹೆಸರಿಗೆ ತಕ್ಕ ಹಾಗೆ. ತಿಂಗಳಿಗೊಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ಮಲ್ಟಿಮೀಟರ್ ಇಟ್ಟು ಬರ್ಕೊಳ್ತೀನಿ. ತುಂಬಿದ ಬ್ಯಾಟರಿ 12.6 ಹತ್ತಿರ ತೋರಿಸುತ್ತೆ. ಸ್ಟಾರ್ಟ್ ಆದ ಮೇಲೆ 14ರ ಆಸುಪಾಸು ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆ ಅಂತ. ಒಂದು ಸಲ ಮೂರು ತಿಂಗಳು ಸಾಲಾಗಿ 12.5, 12.3, 12.1 ಅಂತ ಇಳೀತಾ ಬಂತು. ಗಾಡಿ ಮಾತ್ರ ಗರ್ ಅಂತ ಸ್ಟಾರ್ಟ್ ಆಗ್ತಾನೇ ಇತ್ತು, ಮನೇಲಿ ಎಲ್ಲರೂ ನನ್ನ ನೋಡಿ ನಕ್ಕರು. ನಾಲ್ಕನೇ ತಿಂಗಳು ಕೀ ತಿರುಗಿಸಿದರೆ ಟಕ್ ಟಕ್ ಟಕ್. ಹೊಸ ಬ್ಯಾಟರಿ ತರೋಕೆ ಪಕ್ಕದ ಮನೆಯವರ ಗಾಡೀಲಿ ಹೋದೆ.

ರಿವರ್ಸ್‌ಗೇರ್
ಬರೆದಿಟ್ಟೂ ನಾಲ್ಕನೇ ತಿಂಗಳ ತನಕ ಕಾದ ಮಹಾನುಭಾವರು ನೀವು 😄

ಲೆಕ್ಕದಪುಸ್ತಕ
ಒಪ್ಕೊಂಡೆ ಗುರೂ.

ಶೋರೂಂವಾಸನೆ
ಸರಿ, ಬ್ಯಾಟರಿ ಬಿಡಿ. ಪಿಸ್ಟನ್, ವಾಲ್ವ್ ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ಟೈಮಿಂಗ್ ಬೆಲ್ಟ್ ಬದಲು ಈಗಿನ ಎಂಜಿನ್‌ಗಳಿಗೆ ಟೈಮಿಂಗ್ ಚೈನ್ ಬರ್ತಿದೆ, ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಅಂತ ಕಂಪನಿಯವರೇ ಬರೀತಾರೆ. ಹೊಸದರಲ್ಲಿ ಕೆಲಸ ಕಮ್ಮಿ ಅನ್ನೋದನ್ನಾದ್ರೂ ಒಪ್ಪಿ.

ಗ್ರೀಸ್‌ಕೈ
ಯಾರ ಜೀವಮಾನ ಅಂತ ಬರೆದಿರಲ್ಲ ಅಲ್ವಾ? ಚೈನ್‌ನ ಪ್ರಾಣ ಎಂಜಿನ್ ಆಯಿಲ್. ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಕೆಲಸ ಮಾಡೋದೇ ಎಷ್ಟೋ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ. 10,000 ಕಿ.ಮೀ.ಗೆ ಬದಲಿಸಬೇಕಾದ ಆಯಿಲನ್ನ 20,000 ಓಡಿಸಿದರೆ ಚೈನ್ ಸವೆದು ಉದ್ದವಾಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣದಲ್ಲಿ ಗರಗರ ಅಂತ ಸದ್ದು ಬಂದು ನಿಂತುಹೋಗುತ್ತೆ, ಅದು ಅದರ ದೂರು. ಬೆಲ್ಟ್ ಇನ್ನೂ ಕಷ್ಟ, ಅದು ದೂರನ್ನೇ ಹೇಳಲ್ಲ. ರಬ್ಬರ್. ಕಿ.ಮೀ. ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ, ಎರಡರಲ್ಲಿ ಯಾವುದು ಮೊದಲು ಬರುತ್ತೋ ಅದು. ಓಡ್ತಾ ಓಡ್ತಾ ಕಡಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತೆ, ವಾಲ್ವ್ ಬಾಗುತ್ತೆ. ಆವಾಗ ನಿಜವಾಗಲೂ ಎಂಜಿನ್ ಬಿಚ್ಚಬೇಕು.

ಎಂಟುವರ್ಷ ಅವರೇ, ನಿಮ್ಮದು ಬೆಲ್ಟೋ ಚೈನೋ?

ಎಂಟುವರ್ಷದಗಾಡಿ
ಗೊತ್ತಿಲ್ಲ ಸರ್, ನೋಡಿ ಹೇಳ್ತೀನಿ. ನಾನು ಎರಡನೇ ಓನರ್. ಸರ್ವಿಸ್ ಪುಸ್ತಕದಲ್ಲಿ 52,000 ಕಿ.ಮೀ. ತನಕ ಸೀಲ್ ಇದೆ, ಆಮೇಲೆ ಪುಟಗಳು ಖಾಲಿ.

ಇವತ್ತಿನ ವರದಿ: ಎಸಿ ಹಾಕಿ ಐದು ನಿಮಿಷ ನಿಂತು ನೋಡಿದೆ. ಫ್ಯಾನ್ ಅಲ್ಲಾಡಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಂದು ಬಣ್ಣ, ಬಿಳಿ ಏನಿಲ್ಲ.

ಪಾನಾಪುರಾಣ
ಅರ್ಧ ಗೆದ್ದಿರಿ. ಈಗ ಫ್ಯಾನ್ ಕೊಳ್ಳೋಕೆ ಓಡಬೇಡಿ. ಮೊದಲು ಫ್ಯೂಸ್. ಆಮೇಲೆ ರಿಲೇ, ಅಂದ್ರೆ ಫ್ಯಾನ್‌ಗೆ ಕರೆಂಟ್ ಬಿಡೋ ಸ್ವಿಚ್: ಫ್ಯೂಸ್ ಡಬ್ಬಿಯಲ್ಲಿ ಅದೇ ನಂಬರ್‌ನ ಇನ್ನೊಂದು ರಿಲೇ ಇದ್ದರೆ, ಎಂಜಿನ್ ಆಫ್ ಇರುವಾಗ ಅದಲು ಬದಲು ಮಾಡಿ ನೋಡಿ. ಹಾರ್ನ್‌ದು ಎಷ್ಟೋ ಸಲ ಹೊಂದುತ್ತೆ. ಅದೂ ಸರಿ ಇದ್ದರೆ ಫ್ಯಾನ್ ಮೋಟರ್‌ನ ಸಾಕೆಟ್ ಬಿಚ್ಚಿ ಒಳಗೆ ನೋಡಿ.

ಅಲ್ಲಿಯ ತನಕ ಓಡಿಸಲೇಬೇಕಾಗಿ ಬಂದು ಮುಳ್ಳು ಏರಿದರೆ: ಎಸಿ ಆಫ್, ಹೀಟರ್ ಫುಲ್, ಬ್ಲೋವರ್ ಫುಲ್. ಹೀಟರ್ ಅಂದ್ರೆ ಒಳಗಡೆ ಇರೋ ಸಣ್ಣ ರೇಡಿಯೇಟರ್, ಎಂಜಿನ್ ಶಾಖವನ್ನ ನಿಮ್ಮ ಮುಖಕ್ಕೆ ಉಗುಳುತ್ತೆ. ನೀವು ಬೆವೆತರೂ ಎಂಜಿನ್ ಬದುಕುತ್ತೆ. ಆದರೂ ಇಳೀಲಿಲ್ಲ ಅಂದ್ರೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮತ್ತೆ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರೋದರಿಂದ 100 ಡಿಗ್ರಿ ದಾಟಿದರೂ ನೀರು ಕುದೀದೆ ಕೂತಿರುತ್ತೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಅಷ್ಟೂ ಒಟ್ಟಿಗೆ ಕುದ್ದು ಮೇಲೆ ಚಿಮ್ಮುತ್ತೆ. ನನ್ನ ಬಲಗೈ ಮಣಿಕಟ್ಟಿನ ಮೇಲೆ ಒಂದು ಕಲೆ ಇದೆ, ಇಪ್ಪತ್ತು ವರ್ಷದ ಹಿಂದಿನದು.

ಎಂಟುವರ್ಷದಗಾಡಿ
(ನಾಲ್ಕು ದಿನ ಆದ ಮೇಲೆ) ಫ್ಯೂಸ್ ಸರಿ. ರಿಲೇ ಬದಲಿಸಿದೆ, ಏನೂ ಆಗಲಿಲ್ಲ. ಸಾಕೆಟ್ ಎಳೆದರೆ ಬರ್ತಾನೇ ಇಲ್ಲ, ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಒಂದು ಪಿನ್ ಸುಟ್ಟು ಕಪ್ಪಾಗಿದೆ. ಬೇರೆ ಗ್ಯಾರೇಜಿಗೆ ಹೋದೆ. ಮೋಟರ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ತೋರಿಸಿದರು, ಮುಲುಗಿ ಮುಲುಗಿ ಎರಡು ಸುತ್ತು ತಿರುಗಿ ನಿಂತಿತು. ಬೇರಿಂಗ್ ಹಿಡಿದು ಜಾಸ್ತಿ ಕರೆಂಟ್ ಎಳೆದು ಸಾಕೆಟ್ ಸುಟ್ಟಿದೆ ಅಂದರು. ಮೋಟರ್, ಸಾಕೆಟ್ ಎರಡೂ ಹೊಸದು. ನೀಲಿ ದ್ರಾವಣದ ಟೆಸ್ಟ್ ಕೇಳಿ ಮಾಡಿಸಿದೆ, ಹತ್ತು ನಿಮಿಷ ಆದರೂ ನೀಲಿಯೇ. ಈಗ ಅರ್ಧ ಗಂಟೆ ಜಾಮ್‌ನಲ್ಲಿ ನಿಂತರೂ ಮುಳ್ಳು ಕದಲಲ್ಲ. ಎಸಿಯೂ ತಣ್ಣಗೆ!

ನಾಚಿಕೆಯ ವಿಷಯ ಒಂದು. ಕೂಲಂಟ್ ಬಿಚ್ಚಿದರೆ ತುಕ್ಕು ನೀರು ಬಂತು. ಎರಡು ವರ್ಷದಿಂದ ನಾನೇ ನಲ್ಲಿ ನೀರು ಸುರೀತಾ ಇದ್ದೆ.

ಡಿಪ್‌ಸ್ಟಿಕ್
ಕೂಲಂಟ್ ಕೆಲಸ ತಣ್ಣಗಿಡೋದು ಅಷ್ಟೇ ಅಲ್ಲ, ಒಳಗೆ ತುಕ್ಕು ಹಿಡಿಯದ ಹಾಗೆ ನೋಡ್ಕೊಳ್ಳೋದೂ ಅದೇ. ನಲ್ಲಿ ನೀರಿನ ಸುಣ್ಣ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತೆ. ಈಗೇನು ಹಾಕಿದ್ರಿ?

ಎಂಟುವರ್ಷದಗಾಡಿ
ಮೂರು ಸಲ ಫ್ಲಶ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ, ಗುಲಾಬಿ ಬಣ್ಣದ್ದು. ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ.

ರಿವರ್ಸ್‌ಗೇರ್
ಶೋರೂಂ ಅವರು ಕಾಣಿಸ್ತಿಲ್ಲ?

ಶೋರೂಂವಾಸನೆ
ಇಲ್ಲೇ ಇದ್ದೀನಿ. ಫ್ಯಾನ್ ಮೋಟರ್ ವಿಷಯದಲ್ಲಿ ಸೋತೆ. ಆದರೆ ಅವರಿಗೆ ಇಲ್ಲಿ ಹೇಳೋರು ಸಿಕ್ಕಿದ್ರು, ಸಿಗದವರು ಎಂಜಿನ್ ಬಿಚ್ಚಿಸ್ಕೊಂಡು ಬರ್ತಾರೆ. ನಾನು ಹೊಸ ಗಾಡಿಗೆ ದುಡ್ಡು ಕೊಡೋದು ಆ ಭಯಕ್ಕೆ, ಶೋಕಿಗೆ ಅಲ್ಲ.

ಗ್ರೀಸ್‌ಕೈ
ಅದು ನ್ಯಾಯವಾದ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಎಂಟುವರ್ಷದಗಾಡಿ
ಒಂದು ಸಣ್ಣ ಅನುಮಾನ ಉಳಿದಿದೆ. ಹೊಸ ಕೂಲಂಟ್ ಹಾಕಿ ಹನ್ನೆರಡು ದಿನ ಆಯ್ತು. ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಕೆಳಗಿದೆ. ಸಹಜಾನಾ?

ಪಾನಾಪುರಾಣ
ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದಾ, ಬಿಸೀಲಿ ನೋಡಿದ್ದಾ? ಫ್ಲಶ್ ಮಾಡಿದ ಮೇಲೆ ಒಳಗಿನ ಗಾಳಿ ಹೊರಗೆ ಬಂದು ಒಂದು ಸಲ ಇಳಿಯೋದು ಉಂಟು. ಈಗಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೀರಿ, ಒಂದು ವಾರ ದಿನಾ ಬೆಳಿಗ್ಗೆ ನೋಡಿ. ಹೀಟರ್ ಸೋರ್ತಿದ್ದರೆ ಗೊತ್ತಾಗಲಿ, ಮುಂದೆ ಕೂರೋರ ಕಾಲಡಿ ಕಾರ್ಪೆಟ್ ಒದ್ದೆ ಇದೆಯಾ ಅಂತ ಕೈಯಾಡಿಸಿ.

ಎಂಟುವರ್ಷದಗಾಡಿ
ಗೆರೆ ಎಳೆದು ಒಂದು ವಾರ ನೋಡಿದೆ. ತಣ್ಣಗಿದ್ದಾಗಲೇ ಇನ್ನೂ ಅರ್ಧ ಬೆರಳು ಇಳಿದಿದೆ. ಕಾರ್ಪೆಟ್ ಒಣಗಿದೆ. ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿದರೆ ಎಂಜಿನ್ ಪಕ್ಕದ ಪ್ಲಾಸ್ಟಿಕ್ ಕವರ್ ಕೆಳಗಡೆ, ವಾಟರ್ ಪಂಪ್ ಇರೋ ಕಡೆ ಅನ್ಸುತ್ತೆ, ಗುಲಾಬಿ ಬಣ್ಣ ಒಣಗಿ ಪುಡಿಪುಡಿ ಆಗಿ ಅಂಟಿದೆ. ಗ್ರೀಸ್‌ಕೈ ಸರ್, ನೀವು ಕೇಳಿದ್ರಿ ಅಲ್ವಾ, ಮ್ಯಾನ್ಯುಯಲ್ ನೋಡಿದೆ. ಬೆಲ್ಟ್.

ಗ್ರೀಸ್‌ಕೈ
ಆ ಪಂಪನ್ನ ತಿರುಗಿಸೋದೂ ಅದೇ ಬೆಲ್ಟ್ ಇರಬೇಕು, ಕವರ್ ಒಳಗಿದೆ ಅಂದ್ರೆ. ಪಂಪ್ ಬೇರಿಂಗ್ ಹಿಡಿದರೆ ಬೆಲ್ಟ್ ಕಡಿಯುತ್ತೆ. 52,000ದಲ್ಲೋ ಆಮೇಲೋ ಬೆಲ್ಟ್ ಬದಲಿಸಿದ ಬರಹ ಪುಸ್ತಕದಲ್ಲಿ ಇದೆಯಾ?

ಎಂಟುವರ್ಷದಗಾಡಿ
ಇಲ್ಲ. ಎಲ್ಲೂ ಇಲ್ಲ.

ಗ್ರೀಸ್‌ಕೈ
ನಾಳೆ ಕೆಲಸಕ್ಕೆ ನಡೆದೇ ಹೋಗಿ. 3 ಕಿ.ಮೀ. ತಾನೆ. ಗಾಡೀನ ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿ. ಪಂಪ್, ಬೆಲ್ಟ್, ಟೆನ್ಷನರ್ ಮೂರೂ ಒಟ್ಟಿಗೆ ಹಾಕಿಸಿ, ತೆಗೆದ ಹಳೇ ಬೆಲ್ಟನ್ನ ಕೈಗೆ ಇಸ್ಕೊಂಡು ಬಗ್ಗಿಸಿ ನೋಡಿ, ಬಿರುಕಿದ್ದರೆ ಇಲ್ಲಿ ಫೋಟೋ ಹಾಕಿ.