ಅಪ್‌ಡೇಟ್: ರಂಗಪುರ ನಿಂಬೆ ಬೇರುಸಸಿಗಳ ಹಳದಿ ಎಲೆ

ಬೇರುಸಸಿಯಾಗಿ, ಅಂದರೆ ಮೇಲೆ ಬೇರೆ ಗಿಡವನ್ನು ಕಸಿ ಮಾಡಲು, ಚೀಲದಲ್ಲಿ ಬೆಳೆಸುತ್ತಿರುವ ರಂಗಪುರ ನಿಂಬೆ ಸಸಿಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತಿದೆ, ಕಾಂಡ ದಪ್ಪವಾಗುತ್ತಿಲ್ಲ ಎಂದು ಕೇಳಿದ್ದೆ. ಕಾರಣ ನೀರು. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಮೇಲಿತ್ತು, ಅಂದರೆ ಕ್ಷಾರೀಯ; ಚೀಲದ ಮಣ್ಣಿನ ಮಿಶ್ರಣದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿರಲಿಲ್ಲ. ಸಿಟ್ರಿಕ್ ಆಮ್ಲದಿಂದ ನೀರಿನ ಪಿಎಚ್ ಅನ್ನು 6ಕ್ಕೆ ಇಳಿಸಿ, ಇಡಿಡಿಎಚ್‌ಎ ರೂಪದ (ಕ್ಷಾರದಲ್ಲೂ ಬೇರಿಗೆ ಸಿಗುವ) ಕಬ್ಬಿಣ ಕೊಟ್ಟ ಮೇಲೆ ಹೊಸ ಚಿಗುರು ಹಸಿರಾಗಿಯೇ ಬರುತ್ತಿದೆ. ಹಳೆಯ ಎಲೆ ಪೂರ್ತಿ ಸರಿಹೋಗುವುದಿಲ್ಲ, ಅದನ್ನು ನೋಡಿ ಪ್ರಮಾಣ ಹೆಚ್ಚಿಸಬೇಡಿ.

ಬುಡದಲ್ಲಿ ಬೇರು ಕೊಕ್ಕೆಯಂತೆ ಬಾಗಿದವನ್ನೂ, ಗುಂಪಿಗಿಂತ ಭಿನ್ನವಾಗಿ ಕಾಣುವವನ್ನೂ ತೆಗೆದಾಯಿತು. ಇಂಥ ಭಿನ್ನ ಸಸಿಗಳು ಹೆಚ್ಚಾಗಿ ಲೈಂಗಿಕ ಭ್ರೂಣದವು (ಪರಾಗಸ್ಪರ್ಶದಿಂದ ಹುಟ್ಟಿದವು), ತಾಯಿಗುಣ ಪೂರ್ತಿ ಇರುವುದಿಲ್ಲ. ಉಳಿದವು 35 ಸೆಂ.ಮೀ. ಆಳದ ಚೀಲದಲ್ಲಿ, ನೆಲ ಮುಟ್ಟದಂತೆ ಜಾಲರಿ ಬೆಂಚಿನ ಮೇಲಿವೆ. 20 ಸೆಂ.ಮೀ. ಎತ್ತರದಲ್ಲಿ ಕಾಂಡ 6–8 ಮಿ.ಮೀ. ದಪ್ಪ ಆಗಿ, ತೊಗಟೆ ಸಲೀಸಾಗಿ ಬಿಡುವಾಗ ಕಣ್ಣುಕಸಿ (ಬೇಕಾದ ಗಿಡದ ಮೊಗ್ಗನ್ನು ತೊಗಟೆಯೊಳಗೆ ಕೂರಿಸುವುದು).